ತಿಥಿಗೆ ನಾನು ಕೊಟ್ಟ ಎರಡು ಸ್ಟಾರ್

(ದಿಲ್ಲಿಯಲ್ಲಿ ಆಡಿದ ಮಾತಿನ ಬರಹರೂಪ. ಓದೋಕೆ ಅನುಕೂಲ ಆಗಲಿ ಅಂತ ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇವೆ.)

ಹಿಂದೆ ಕೂತವರಿಗೆ ಕೇಳಿಸ್ತಾ ಇದೆಯಾ? ಸರಿ.

ಮೊದಲೇ ಹೇಳಿಬಿಡ್ತೀನಿ, ನಾನು ಸಿನಿಮಾ ಪಂಡಿತ ಅಲ್ಲ. ಓದಿದ್ದು ಕಂಪ್ಯೂಟರ್ ಸೈನ್ಸ್‌ನಲ್ಲಿ ಎಂ.ಟೆಕ್, ಕೆಲಸ ನೋಯ್ಡಾದ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ. ಕ್ಯಾಮೆರಾ ಎಲ್ಲಿಟ್ಟರು, ಲೈಟ್ ಎಲ್ಲಿಂದ ಬಿಟ್ಟರು ಅಂತ ಕೇಳಿದರೆ ನನಗೆ ಗೊತ್ತಾಗಲ್ಲ. ತಿಂಗಳಿಗೆ ಒಂದೋ ಎರಡೋ ಸಿನಿಮಾ ನೋಡ್ತೀನಿ. ಇಂಟರ್ವಲ್‌ನಲ್ಲಿ ಪಾಪ್‌ಕಾರ್ನ್ ರೇಟ್ ನೋಡಿ ಬೈತೀನಿ, ಬೈದು ತಗೊಳ್ತೀನಿ. ಮನೆಗೆ ಬಂದು ಆ್ಯಪ್‌ನಲ್ಲಿ ಸ್ಟಾರ್ ಒತ್ತುತ್ತೀನಿ. ಅಷ್ಟೇ ನನ್ನ ಅರ್ಹತೆ.

ಇಲ್ಲಿ ಮಾತಾಡಿ ಅಂದಾಗ ವಿಷಯ ಏನು ಅಂತ ಕೇಳಿದೆ. ನಿಮಗೆ ಹಿಡಿಸಿದ ಸಿನಿಮಾ, ಹಿಡಿಸದ ಸಿನಿಮಾ ಅಂದ್ರು. ಸುಲಭ ಅಲ್ವಾ ಅಂತ ಒಪ್ಕೊಂಡೆ. ಆಮೇಲೆ ಆ್ಯಪ್ ತೆಗೆದು ನೋಡಿದೆ. 2014ರಿಂದ ಇಲ್ಲಿವರೆಗೆ 180 ಚಿಲ್ಲರೆ ಸಿನಿಮಾಕ್ಕೆ ಸ್ಟಾರ್ ಕೊಟ್ಟಿದ್ದೀನಿ. ಎಂಜಿನಿಯರ್ ಬುದ್ಧಿ, ಎಲ್ಲಾನೂ ಒಂದು ಎಕ್ಸೆಲ್ ಶೀಟಿಗೆ ಹಾಕಿ ಮೇಲಿಂದ ಕೆಳಕ್ಕೆ ಸಾರ್ಟ್ ಮಾಡಿದೆ. ಐದು ಸ್ಟಾರಿನ ಸಿನಿಮಾಗಳ ಬಗ್ಗೆ ನಾಚಿಕೆ ಏನೂ ಆಗಲಿಲ್ಲ. ಕೆಳಗೆ, ಎರಡು ಸ್ಟಾರ್ ಇರೋ ಕಡೆ, ಒಂದು ಹೆಸರು ಕಾಣಿಸ್ತು. ತಿಥಿ. ತಾರೀಕು 2016ರ ಜೂನ್. ಜೊತೆಗೆ ನಾನೇ ಬರೆದ ಒಂದೇ ಪದದ ವಿಮರ್ಶೆ: 'ಸ್ಲೋ'.

(ನಗು)

ನಗ್ತಾ ಇದ್ದೀರಲ್ಲ, ನೋಡಿದವರು ಇದ್ದೀರಿ ಅಂತಾಯ್ತು. ಅದಕ್ಕೆ ಬರ್ತೀನಿ. ಮೊದಲು ಸುಲಭದವು.

ಮುಂಗಾರು ಮಳೆ. 2006ರ ಡಿಸೆಂಬರ್ 29ಕ್ಕೆ ರಿಲೀಸ್ ಆಯ್ತು. ನಾನಾಗ ಮಂಡ್ಯದಲ್ಲಿ ಸೆಕೆಂಡ್ ಪಿಯುಸಿ. ಸಿಇಟಿ ಓದಬೇಕಾದ ಹೊತ್ತಲ್ಲಿ ಮೂರು ಸಲ ನೋಡಿದೆ. ಬೆಂಗಳೂರಿನ ಪಿವಿಆರ್‌ನಲ್ಲಿ ಒಂದು ವರ್ಷಕ್ಕಿಂತ ಹೆಚ್ಚು ಓಡಿದ ಸಿನಿಮಾ ಅದು, ನಂದು ಮೂರು ಸಲ ಏನೂ ಅಲ್ಲ. ಹೋದ ವರ್ಷ ಮಗಳಿಗೆ ತೋರಿಸಿದೆ, ಅವಳಿಗೆ ಆಗ ಎಂಟು ವರ್ಷ. ಮದುವೆ ಗೊತ್ತಾಗಿರೋ ಹುಡುಗಿ ಮನೆಗೆ ಹೋಗಿ ಗಣೇಶ್ ಕೂತೇಬಿಡ್ತಾರಲ್ಲ, ಇವಳು ಕೇಳಿದಳು: "ಪಪ್ಪಾ, ಈ ಅಂಕಲ್ ಅವರ ಮನೆಗೆ ಯಾಕೆ ಹೋಗಲ್ಲ?" ಉತ್ತರ ನನ್ನ ಹತ್ರ ಇರಲಿಲ್ಲ. ಹದಿನೆಂಟು ವರ್ಷ ಆ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. ಕೊನೆಯಲ್ಲಿ ಅವಳು ಅತ್ತಳು, ಮೊಲಕ್ಕೋಸ್ಕರ ಮಾತ್ರ. ಆದ್ರೂ ಐದು ಸ್ಟಾರ್ ತೆಗೆಯೋಲ್ಲ. ನೋಯ್ಡಾದ ಮೇ ತಿಂಗಳಲ್ಲಿ, ನಲವತ್ತೈದು ಡಿಗ್ರಿಯಲ್ಲಿ, ಪರದೆ ಎಳೆದು ಆ ಮಳೆ ನೋಡಿ. ಆಮೇಲೆ ಬಂದು ನನ್ನ ಜೊತೆ ವಾದ ಮಾಡಿ.

ಒಂದು ಮೊಟ್ಟೆಯ ಕಥೆ, 2017. ರಾಜ್ ಬಿ. ಶೆಟ್ಟಿ. ಕೂದಲು ಉದುರೋ ಕನ್ನಡ ಮೇಷ್ಟ್ರು, ಹೆಣ್ಣು ಸಿಗ್ತಿಲ್ಲ. ಇದರ ಬಗ್ಗೆ ಹೆಚ್ಚು ಹೇಳಲ್ಲ. ಯಾಕೆ ಇಷ್ಟ ಆಯ್ತು ಅಂತ ನನ್ನ ತಲೆ ನೋಡಿದರೆ ಗೊತ್ತಾಗುತ್ತೆ.

(ನಗು)

ಹಿಡಿಸದವು. ಕಬ್ಜ, ಒಂದು ಸ್ಟಾರ್. ಉಪೇಂದ್ರ, ಸುದೀಪ್, ಶಿವಣ್ಣ ಮೂವರನ್ನೂ ಹಾಕ್ಕೊಂಡು ಇನ್ನೊಂದು ಕೆಜಿಎಫ್ ಮಾಡೋಕೆ ಹೋದರು. ಹಿಂದಿಯಲ್ಲಿ ಅನಿಮಲ್, ಒಂದು ಸ್ಟಾರ್, ಅದೂ ಆ್ಯಪ್‌ನಲ್ಲಿ ಸೊನ್ನೆ ಕೊಡೋಕೆ ಬರಲ್ಲ ಅಂತ. 3 ಗಂಟೆ 21 ನಿಮಿಷ, ಒಬ್ಬ ಮನುಷ್ಯ ಅಪ್ಪನ ಪ್ರೀತಿಗೋಸ್ಕರ ಸಿಕ್ಕಸಿಕ್ಕವರನ್ನ ಕೊಲ್ಲುತ್ತಾನೆ. ನನ್ನ ಹಿಂದಿನ ಸಾಲಿನಲ್ಲಿದ್ದ ಹುಡುಗರು ಶಿಳ್ಳೆ ಹೊಡೀತಿದ್ದರು. ಒಂದು ವಿಷಯ ಗಮನಿಸಿ: ಇಷ್ಟುದ್ದದ ಸಿನಿಮಾಕ್ಕೆ ನಾನು 'ಸ್ಲೋ' ಅಂತ ಬರೆದಿಲ್ಲ. ಎರಡು ಗಂಟೆ ಚಿಲ್ಲರೆಯ ತಿಥಿಗೆ ಬರೆದಿದ್ದೀನಿ.

ಇಲ್ಲಿ ಕನ್ನಡ ಸಿನಿಮಾ ನೋಡೋದು ಅಂದ್ರೆ ಏನು ಅಂತ ನಿಮಗೆ ಹೇಳಬೇಕಾಗಿಲ್ಲ, ಆದರೆ ಈ ವಿಡಿಯೊ ಬೆಂಗಳೂರಿನವರೂ ನೋಡ್ತಾರೆ. ಅವರಿಗೋಸ್ಕರ. ನಾನಿರೋದು ಗ್ರೇಟರ್ ನೋಯ್ಡಾ ವೆಸ್ಟ್. ಕನ್ನಡ ಶೋ ಇರೋದು ಗುರುಗ್ರಾಮದಲ್ಲಿ, ಒಂದೇ ಶೋ, ಭಾನುವಾರ ರಾತ್ರಿ ಹತ್ತೂವರೆಗೆ. ಹೋಗೋಕೆ ಎರಡು ಗಂಟೆ. ಮುಗಿಸಿ ಬರೋದು ಬೆಳಗಿನ ಜಾವ. ಎಂಟೇ ಟಿಕೆಟ್ ಹೋಗಿದ್ರೆ ಮಧ್ಯಾಹ್ನವೇ ಮೆಸೇಜ್ ಬರುತ್ತೆ, ಶೋ ರದ್ದು, ಹಣ ವಾಪಸ್. ಅದಕ್ಕೇ ನಮ್ಮ ವಾಟ್ಸ್ಆ್ಯಪ್ ಗುಂಪಿನಲ್ಲಿ ಸಿನಿಮಾ ಹೇಗಿದೆ ಅಂತ ಯಾರೂ ಕೇಳಲ್ಲ, ಎಷ್ಟು ಜನ ಆದ್ರು ಅಂತ ಕೇಳ್ತಾರೆ. ಒಳ್ಳೇ ಸಿನಿಮಾಕ್ಕೂ ಹೋಗ್ತೀವಿ, ಕೆಟ್ಟದ್ದಕ್ಕೂ ಹೋಗ್ತೀವಿ. ಕತ್ತಲಲ್ಲಿ ಪಕ್ಕದವರು ಕನ್ನಡದಲ್ಲಿ ಬೈಯೋದು ಕೇಳೋಕೆ ಅಂತಾದ್ರೂ.

ಹೀಗಿರೋವಾಗ ಬಂತು ಕೆಜಿಎಫ್. 2018ರ ಡಿಸೆಂಬರ್ 21, ಶಾರುಖ್ ಖಾನ್‌ರ ಝೀರೋ ಬಂದ ದಿನವೇ. ಆಮೇಲೆ 2022ರ ಏಪ್ರಿಲ್ 14ಕ್ಕೆ ಎರಡನೇ ಭಾಗ. ಆಫೀಸಿನಲ್ಲಿ ಏಳು ವರ್ಷ ನನ್ನನ್ನ 'ಮದ್ರಾಸಿ' ಅಂತಿದ್ದವರು ಅವತ್ತು "ರಾಕಿ ಭಾಯ್ ಕೇ ಗಾಂವ್‌ವಾಲಾ" ಅಂದ್ರು. ಎದೆ ಉಬ್ಬಿತು, ಸುಳ್ಳು ಯಾಕೆ ಹೇಳಲಿ. ಇಡೀ ಟೀಮಿಗೆ ನಾನೇ ಸಮೋಸ ತರಿಸಿದೆ.

ಆದರೆ ಸಿನಿಮಾ? ನನಗೆ ಹಿಡಿಸಲಿಲ್ಲ. ಇದನ್ನ ದಿಲ್ಲಿಯಲ್ಲಿ ಕನ್ನಡಿಗನಾಗಿ ಹೇಳೋದು ಕಷ್ಟ. ಮೂರು ವರ್ಷ ಹೇಳಿರಲಿಲ್ಲ, ಇವತ್ತು ಹೇಳ್ತಿದ್ದೀನಿ. ಅದ್ದೂರಿ ಹೌದು, ಶಬ್ದ ಹೌದು. ಆದರೆ ಅದು ಯಾವ ಊರು? ನಾನು ಮಂಡ್ಯ ಜಿಲ್ಲೆಯವನು. ನಮ್ಮ ಶಿವನಸಮುದ್ರದಿಂದ 1902ರಲ್ಲಿ ಕರೆಂಟ್ ತಂತಿ ಎಳೆದಿದ್ದೇ ಕೋಲಾರದ ಚಿನ್ನದ ಗಣಿಗೆ. ನಮ್ಮ ಹಳ್ಳಿಗಳಲ್ಲಿ ಸೀಮೆಎಣ್ಣೆ ಬುಡ್ಡಿ ಇದ್ದಾಗ ಅಲ್ಲಿ ಬಲ್ಬ್ ಉರೀತಿತ್ತು. ಆ ಗಣಿಯಲ್ಲಿ ತಲೆತಲಾಂತರ ಇಳಿದವರು ಬಹುಪಾಲು ತಮಿಳು ಮಾತಾಡೋ ದಲಿತ ಕಾರ್ಮಿಕರು. 2001ರಲ್ಲಿ ಗಣಿ ಮುಚ್ಚಿತು. ಈಗಲೂ ಅಲ್ಲಿಂದ ಬೆಳಗ್ಗೆ ಬೆಳಗ್ಗೆ ರೈಲು ಹತ್ತಿ ಬೆಂಗಳೂರಿಗೆ ಕೂಲಿಗೆ ಹೋಗ್ತಾರೆ. ಆ ಹೆಸರಿಟ್ಟುಕೊಂಡ ಸಿನಿಮಾದಲ್ಲಿ ಆ ಊರೇ ಇಲ್ಲ. ಹೌದು, ಕಾಲ್ಪನಿಕ ಕಥೆ, ಗೊತ್ತು. ನನ್ನ ತಂಟೆ ಬೇರೆ. ಹಿಂದಿಗೆ, ತಮಿಳಿಗೆ, ತೆಲುಗಿಗೆ ಎಲ್ಲಿಗೆ ಬೇಕಾದ್ರೂ ಸಾಗಿಸೋ ಹಾಗೆ ಮಾಡಿದ ಸಾಮಾನು ಅದು. ಸಾಗಿಸೋವಾಗ ಏನೂ ಒಡೆಯಲ್ಲ, ಯಾಕಂದ್ರೆ ಒಡೆಯೋ ಅಂಥದ್ದು ಒಳಗೆ ಏನೂ ಇಲ್ಲ. ಮೂರು ಸ್ಟಾರ್ ಕೊಟ್ಟಿದ್ದೀನಿ. ಎರಡು ಸಿನಿಮಾಕ್ಕೆ, ಒಂದು ಸಮೋಸದ ಖುಷಿಗೆ.

ಈ ಲೆಕ್ಕಾಚಾರದಲ್ಲಿ ನಾನು ಬಹಳ ಜಾಣ ಅಂದ್ಕೊಂಡಿದ್ದೆ. ಊರು ಇರೋ ಸಿನಿಮಾ ಒಳ್ಳೇದು, ಊರಿಲ್ಲದ್ದು ಕೆಟ್ಟದ್ದು. ಡಬ್ ಮಾಡಿದರೆ ಊರು ಸಾಯುತ್ತೆ. ಅಷ್ಟು ಸಿಂಪಲ್. ಆಮೇಲೆ ಕಾಂತಾರ ಬಂತು.

2022ರ ಸೆಪ್ಟೆಂಬರ್ 30ಕ್ಕೆ ಕನ್ನಡದಲ್ಲಿ ಬಂತು, ಅಕ್ಟೋಬರ್ 14ಕ್ಕೆ ಹಿಂದಿಯಲ್ಲಿ. ನಾನು ಮೊದಲು ಕನ್ನಡದ್ದು ನೋಡಿದೆ. ಒಂದು ಗುಟ್ಟು ಹೇಳ್ತೀನಿ. ಆ ಕುಂದಾಪುರ ಕಡೆಯ ಕನ್ನಡ ನನಗೆ ಅಲ್ಲಲ್ಲಿ ತಿಳಿಯಲೇ ಇಲ್ಲ. ಮಂಡ್ಯದವನು ನಾನು, ಕೆಳಗೆ ಬರ್ತಿದ್ದ ಇಂಗ್ಲಿಷ್ ಸಬ್‌ಟೈಟಲ್ ಓದಿದೆ. ಪಕ್ಕದಲ್ಲಿ ಹೆಂಡತಿ, ಅವಳು ಉಡುಪಿ ಕಡೆಯವಳು, ನನಗಿಂತ ಅರ್ಧ ಸೆಕೆಂಡ್ ಮೊದಲೇ ನಗ್ತಿದ್ದಳು. ಆ ಅರ್ಧ ಸೆಕೆಂಡ್ ನೆನಪಿಟ್ಕೊಳ್ಳಿ, ಮತ್ತೆ ಬರುತ್ತೆ.

ಎರಡು ವಾರ ಆದಮೇಲೆ ಹಿಂದಿಯದ್ದಕ್ಕೆ ಸಹೋದ್ಯೋಗಿ ಒಬ್ಬ ಕರ್ಕೊಂಡು ಹೋದ. ಅವನು ಇಲ್ಲೇ ದಾದ್ರಿ ಕಡೆಯ ಹಳ್ಳಿಯವನು. ನಾನು ಹೋಗಿದ್ದೇ ತಪ್ಪು ಹುಡುಕೋಕೆ. ಎಷ್ಟು ಹಾಳು ಮಾಡಿದ್ದಾರೆ ನೋಡು ಅಂತ ಹೇಳೋಕೆ. ಕಥೆ ನಿಮಗೆ ಗೊತ್ತು: 1847ರಲ್ಲಿ ಒಬ್ಬ ರಾಜ, ನೆಮ್ಮದಿ ಇಲ್ಲ, ಪಂಜುರ್ಲಿಗೆ ಮಾತು ಕೊಟ್ಟು ಕಾಡಿನ ಜನರಿಗೆ ಭೂಮಿ ಬಿಟ್ಟುಕೊಡ್ತಾನೆ. ಅವನ ವಂಶದವರು ಆಮೇಲೆ ಅದನ್ನ ವಾಪಸ್ ಕೇಳ್ತಾರೆ. ಹಿಂದಿಯಲ್ಲಿ ಮಾತಿನ ರುಚಿ ಹೋಗಿತ್ತು, ನಿಜ. ಎಲ್ಲರೂ ಒಂದೇ ಥರ ಹಿಂದಿ ಮಾತಾಡ್ತಿದ್ದರು. ಸಿನಿಮಾ ಮುಗೀತು, ಲೈಟ್ ಬಂತು, ಇವನು ಏಳಲೇ ಇಲ್ಲ. ಕಣ್ಣು ಒರೆಸ್ಕೊಳ್ತಿದ್ದ.

ಆಚೆ ಬಂದು ಚಹಾ ಕುಡೀತಾ ಹೇಳಿದ. ಅವರ ಊರಲ್ಲೂ ಊರು ಕಾಯೋ ದೇವರಿದೆಯಂತೆ, ಭೂಮಿಯಾ ಅಂತ. ಗುಡಿ ಅಂತ ದೊಡ್ಡದೇನಿಲ್ಲ, ಒಂದು ಕಟ್ಟೆ. ಮದುವೆ ಆದರೆ, ಎಮ್ಮೆ ಕರು ಹಾಕಿದರೆ ಮೊದಲು ಅಲ್ಲಿಗೆ. ಪ್ರಾಧಿಕಾರದವರು ಜಮೀನು ತಗೊಂಡರು, ಆ ಕಟ್ಟೆ ಈಗ ಒಂದು ಸೊಸೈಟಿಯ ಕಾಂಪೌಂಡಿನ ಒಳಗಿದೆ. ಹಬ್ಬಕ್ಕೆ ಹೋಗಬೇಕಾದ್ರೆ ಗೇಟಿನಲ್ಲಿ ಸೆಕ್ಯುರಿಟಿಯವನ ಪುಸ್ತಕದಲ್ಲಿ ಹೆಸರು, ಫೋನ್ ನಂಬರ್, ಯಾರನ್ನ ನೋಡಬೇಕು ಅಂತ ಬರೀಬೇಕು. "ಯಾರನ್ನ ನೋಡಬೇಕು ಅನ್ನೋ ಕಡೆ ಏನು ಬರೀತೀಯ?" ಅಂದೆ. ಅವನು ನಕ್ಕ. ಆಮೇಲೆ ಹೇಳಿದ: "ನೀನು ಫ್ಲ್ಯಾಟ್ ತಗೊಂಡಿದ್ದೀಯಲ್ಲ, ಆ ಕಡೆ ನಮ್ಮ ಚಿಕ್ಕಪ್ಪಂದು ಗೋಧಿ ಹೊಲ ಇತ್ತು."

ನನಗೆ ಏನು ಹೇಳಬೇಕೋ ಗೊತ್ತಾಗಲಿಲ್ಲ. ಗ್ರೇಟರ್ ನೋಯ್ಡಾ ವೆಸ್ಟ್ ಅಂತ ಈಗ ಕರಿಯೋ ಜಾಗ ಎಲ್ಲಾ ಹಳ್ಳಿಗಳು. ಶಾಹಬೇರಿ, ಪತವಾಡಿ, ಬಿಸರಖ್. 2011ರಲ್ಲಿ ಶಾಹಬೇರಿಯ ಭೂಸ್ವಾಧೀನ ರದ್ದಾಗಿದ್ದನ್ನ ಸುಪ್ರೀಂ ಕೋರ್ಟೇ ಎತ್ತಿಹಿಡಿದಿತ್ತು. ಇದೆಲ್ಲ ಫ್ಲ್ಯಾಟ್ ಬುಕ್ ಮಾಡೋವಾಗ ಪೇಪರ್‌ನಲ್ಲಿ ಓದಿದ್ದೆ, ಲೋನಿಗೆ ತೊಂದರೆ ಆಗುತ್ತಾ ಅನ್ನೋ ದೃಷ್ಟಿಯಿಂದ ಮಾತ್ರ. ಕುಂದಾಪುರದ ಮಾತೇ ತಿಳಿಯದ ಈ ಮನುಷ್ಯ, ಡಬ್ ಆದ ಹಿಂದಿಯಲ್ಲಿ, ನನಗಿಂತ ಚೆನ್ನಾಗಿ ಆ ಸಿನಿಮಾ ನೋಡಿದ್ದ. ನನ್ನ ಥಿಯರಿ ಅಲ್ಲಿಗೆ ಮುಗೀತು.

ಸರಿ. ಈಗ ತಿಥಿ.

ಇದಕ್ಕೆ ಮೊದಲು ಅಪ್ಪನ ಬಗ್ಗೆ ಹೇಳಬೇಕು. ನಮ್ಮಪ್ಪಂಗೆ ಜಗತ್ತಿನಲ್ಲಿ ಇರೋದು ಒಂದೇ ಸಿನಿಮಾ, ಬಂಗಾರದ ಮನುಷ್ಯ. 1972. ಅವರಿಗಾಗ ಹದಿನೆಂಟು ವರ್ಷ. ಬೆಂಗಳೂರಿನ ಸ್ಟೇಟ್ಸ್ ಥಿಯೇಟರ್‌ನಲ್ಲಿ ಎರಡು ವರ್ಷ ಓಡಿದ ಸಿನಿಮಾ. ರಾಜ್‌ಕುಮಾರ್ ಊರಿಗೆ ಬಂದು ಬಂಡೆ ನೆಲ ಅಗೆದು ತೋಟ ಮಾಡ್ತಾರೆ. ಅದನ್ನ ನೋಡಿ ಪಟ್ಟಣದ ಕೆಲಸ ಬಿಟ್ಟು ಬೇಸಾಯಕ್ಕೆ ಹೋದವರಿದ್ದಾರೆ ಅಂತ ಹೇಳ್ತಾರೆ. ನಮ್ಮಪ್ಪ ಪಟ್ಟಣಕ್ಕೆ ಹೋಗೇ ಇರಲಿಲ್ಲ, ಹಾಗಾಗಿ ವಾಪಸ್ ಬರೋ ಪ್ರಶ್ನೆ ಇರಲಿಲ್ಲ. ಮೈಸೂರಿನಲ್ಲಿ ಒಂದು ಗುಮಾಸ್ತಿಕೆ ಸಿಗೋದಿತ್ತಂತೆ, ಅದಕ್ಕೆ ಹೋಗಲಿಲ್ಲ. ಅಜ್ಜಿ ಸಾಯೋವರೆಗೆ ರಾಜ್‌ಕುಮಾರ್‌ನ ಬೈತಿದ್ದರು.

ನಮ್ಮದು ಎರಡು ಎಕರೆ ಹತ್ತು ಗುಂಟೆ. ಅದರಲ್ಲಿ ಒಂದು ಎಕರೆ ನಾಲೆ ಬಯಲಿನ ತರಿ ಜಮೀನು, ಉಳಿದದ್ದು ಖುಷ್ಕಿ. ಆ ಒಂದು ಎಕರೆಯ ಕಬ್ಬಿನಲ್ಲೇ ನಾನು ಎಂಜಿನಿಯರಿಂಗ್ ಓದಿದ್ದು. 2011ರಲ್ಲಿ ಎಂ.ಟೆಕ್‌ಗೆ ದಿಲ್ಲಿಗೆ ಬಂದೆ, 2013ಕ್ಕೆ ಕೆಲಸ, 2014ಕ್ಕೆ ಮದುವೆ. ಹಾಸ್ಟೆಲಿನಲ್ಲಿ ಹಿಂದಿ ಕಲಿಯೋಕೆ ಅಂತ ಒಬ್ಬ ಗೆಳೆಯ ಖೋಸ್ಲಾ ಕಾ ಘೋಸ್ಲಾ ತೋರಿಸಿದ್ದ. ದಿಬಾಕರ್ ಬ್ಯಾನರ್ಜಿಯದ್ದು, 2006. ರಿಟೈರ್ ಆಗೋ ಹೊತ್ತಿಗೆ ಖೋಸ್ಲಾ ಜೀವಮಾನದ ದುಡ್ಡು ಹಾಕಿ ಒಂದು ಸೈಟು ತಗೊಳ್ತಾರೆ, ಭೂಗಳ್ಳ ಖುರಾನಾ ಅದಕ್ಕೆ ಗೋಡೆ ಹಾಕಿಬಿಡ್ತಾನೆ. ಒಬ್ಬ ಮಗ ಸಾಫ್ಟ್‌ವೇರ್ ಎಂಜಿನಿಯರ್, ಅಪ್ಪನ ಮನೆ ಕನಸು ಅವನಿಗೆ ಬೇಡ, ಅವನ ಕಣ್ಣು ಅಮೆರಿಕದ ಮೇಲೆ. ನಾನು ಹೊಟ್ಟೆ ಹಿಡ್ಕೊಂಡು ನಕ್ಕಿದ್ದೆ. ಐದು ಸ್ಟಾರ್. ದಿಲ್ಲಿಗೆ ಹೊಸದಾಗಿ ಬಂದವರು ಬಾಡಿಗೆ ಅಗ್ರಿಮೆಂಟಿಗೆ ಮೊದಲು ಇದನ್ನ ನೋಡಬೇಕು.

ನೋಡಿದ ಮೇಲೂ ನಾನು 2016ರಲ್ಲಿ ಫ್ಲ್ಯಾಟ್ ಬುಕ್ ಮಾಡಿದೆ. ಬಿಲ್ಡರ್ ಆಫೀಸಿನಲ್ಲಿ ಲಡ್ಡು ಕೊಟ್ಟರು, ಗಾಜಿನ ಪೆಟ್ಟಿಗೆಯೊಳಗೆ ಗೊಂಬೆ ಕಟ್ಟಡ, ಗೊಂಬೆ ಮರ, ಗೊಂಬೆ ಈಜುಕೊಳ. ಮೂರು ವರ್ಷದಲ್ಲಿ ಕೀ ಅಂದ್ರು. ಮೊದಲ ಕಂತಿಗೆ ದುಡ್ಡು ಸಾಲದು. ಊರಿನ ಆ ಒಂದು ಎಕರೆ ತಲೆಯಲ್ಲಿ ಕೂತ್ಕೊಂಡಿತು. ಅಪ್ಪಂಗೆ ಫೋನಿನಲ್ಲಿ ಕೇಳೋಕೆ ಬಾಯಿ ಬರಲಿಲ್ಲ. ಮಗಳ ನಾಮಕರಣಕ್ಕೆ ಬನ್ನಿ ಅಂತ ಜೂನ್‌ನಲ್ಲಿ ಕರೆಸಿದೆ. ಆ ಬಿಸಿಲಿಗೆ ಯಾರಾದರೂ ಅಪ್ಪನ್ನ ನೋಯ್ಡಾಕ್ಕೆ ಕರೆಸ್ತಾರಾ?

ಬಂದವರು ಮನೆಯಲ್ಲಿ ಕೂತು ಕೂತು ಬೇಸತ್ತರು. ದಕ್ಷಿಣ ದಿಲ್ಲಿಯ ಒಂದು ಮಾಲ್‌ನಲ್ಲಿ ತಿಥಿ ಹಾಕಿದ್ದಾರೆ ಅಂತ ಗೊತ್ತಾಯ್ತು. ಮಂಡ್ಯದ ನೊದೆಕೊಪ್ಪಲಿನಲ್ಲಿ, ನಮ್ಮೂರಿನ ಥರದ್ದೇ ಊರಲ್ಲಿ, ಆ ಊರಿನವರೇ ಮಾಡಿದ ಸಿನಿಮಾ. ರಾಮ್ ರೆಡ್ಡಿ ನಿರ್ದೇಶನ, ಈರೇಗೌಡರ ಬರವಣಿಗೆ. ಹಿಂದಿನ ವರ್ಷ ಸ್ವಿಟ್ಜರ್ಲೆಂಡಿನ ಲೊಕಾರ್ನೊದಲ್ಲಿ ಪ್ರಶಸ್ತಿ ಬಂದಿತ್ತು. ನಮ್ಮ ಭಾಷೆ ಕೇಳಿದ ಹಾಗೆ ಆಗುತ್ತೆ, ಬಂದು ತಣ್ಣಗೆ ಎಸಿಯಲ್ಲಿ ಕೂತ್ಕೊಳ್ಳಲಿ, ವಾಪಸ್ ಬರ್ತಾ ಜಮೀನಿನ ಮಾತು ತೆಗೀತೀನಿ. ಇದು ನನ್ನ ಪ್ಲ್ಯಾನ್. ಸಿನಿಮಾ ಕಥೆ ಏನು ಅಂತ ನಾನು ಓದಿರಲಿಲ್ಲ.

ನೋಡದವರಿಗೆ ಹೇಳ್ತೀನಿ. ಸೆಂಚುರಿ ಗೌಡ ಅಂತ ನೂರೊಂದು ವರ್ಷದ ಮುದುಕ ಸಾಯ್ತಾನೆ. ಅವನ ಮಗ ಗಡ್ಡಪ್ಪ, ಅವನೂ ಮುದುಕನೇ, ಯಾವುದರ ಗೊಡವೆಯೂ ಇಲ್ಲದೆ ದಿನವಿಡೀ ನಡೀತಾ ಇರ್ತಾನೆ. ಗಡ್ಡಪ್ಪನ ಮಗ ತಮ್ಮಣ್ಣಂಗೆ ತಾತನ ಐದು ಎಕರೆ ಮಾರಬೇಕು. ಜಮೀನು ಕಾನೂನು ಪ್ರಕಾರ ಗಡ್ಡಪ್ಪಂಗೆ ಹೋಗಬೇಕು, ಗಡ್ಡಪ್ಪ ಸಹಿಗೆ ಸಿಗೋ ಆಸಾಮಿ ಅಲ್ಲ. ಆಗ ತಮ್ಮಣ್ಣ ಏನು ಮಾಡ್ತಾನೆ ಅಂದ್ರೆ, ಬದುಕಿರೋ ಅಪ್ಪ ಸತ್ತುಹೋದ ಅಂತ ಡೆತ್ ಸರ್ಟಿಫಿಕೇಟ್ ಮಾಡಿಸ್ತಾನೆ.

(ನಗು)

ಹೌದು. ಇದನ್ನ ನಾನು ನಮ್ಮಪ್ಪನ ಪಕ್ಕ ಕೂತು ನೋಡಿದೆ.

ಮೊದಲರ್ಧ ಅಪ್ಪ ಎಷ್ಟು ನಕ್ಕರು ಅಂದ್ರೆ, ಮುಂದಿನ ಸಾಲಿನ ದಿಲ್ಲಿಯವರು ತಿರುಗಿ ನೋಡಿದ್ರು. ಸಬ್‌ಟೈಟಲ್ ಓದಿ ನಗೋವಷ್ಟರಲ್ಲಿ ಅಪ್ಪಂದು ನಗು ಮುಗಿದಿರ್ತಿತ್ತು. ಆ ಡೆತ್ ಸರ್ಟಿಫಿಕೇಟಿನ ಭಾಗದಲ್ಲೂ ನಕ್ಕರು. ನಾನು ಪಾಪ್‌ಕಾರ್ನ್ ಡಬ್ಬದ ತಳ ನೋಡ್ತಾ ಕೂತಿದ್ದೆ.

ಮೆಟ್ರೊದಲ್ಲಿ ವಾಪಸ್. ರಾಜೀವ್ ಚೌಕದಲ್ಲಿ ಬ್ಲೂ ಲೈನಿಗೆ ಬದಲಾಯಿಸೋವಾಗ ಆ ಜನಸಂದಣಿಯಲ್ಲಿ ಅಪ್ಪನ ಕೈ ಹಿಡ್ಕೊಂಡಿದ್ದೆ. ಸೀಟು ಸಿಕ್ಕ ಮೇಲೆ ಅವರೇ ಶುರು ಮಾಡಿದರು. "ಇದ್ನ ದುಡ್ ಕೊಟ್ಟು ನೋಡ್ಬೇಕೇನ್ಲಾ? ನಮ್ಮೂರ ಅರಳಿಕಟ್ಟೆ ಮ್ಯಾಲೆ ಕೂತ್ಕಂಡ್ರೆ ಪುಕ್ಸಟ್ಟೆ ಕಾಣ್ತದೆ." ನಾನು ಹೂಂ ಅಂದೆ. ಯಮುನಾ ಬ್ಯಾಂಕ್ ಸ್ಟೇಷನ್ ದಾಟಿತು. ಆಮೇಲೆ ಅಪ್ಪ ಕಿಟಕಿ ಕಡೆ ನೋಡ್ತಾನೇ ಹೇಳಿದರು: "ನಾನಾದ್ರೆ ಬದುಕಿರೋವಾಗ್ಲೇ ಸೈನ್ ಹಾಕ್ಕೊಡ್ತೀನಿ ಕಣಪ್ಪ. ಸರ್ಟಿಫಿಕೇಟಿಗೆ ಸುಮ್ನೆ ಯಾಕ್ ಖರ್ಚು."

ನಾನು ಕೇಳೇ ಇರಲಿಲ್ಲ. ಹೆಂಡತಿಯೂ ಹೇಳಿರಲಿಲ್ಲ. ಹೇಗೆ ಗೊತ್ತಾಯ್ತು ಅಂತ ಇವತ್ತಿಗೂ ಗೊತ್ತಿಲ್ಲ. ಬಹುಶಃ ಮೇಜಿನ ಮೇಲೆ ಬಿಲ್ಡರ್ ಪುಸ್ತಕ ನೋಡಿರಬೇಕು, ಓದೋಕೆ ಬರುತ್ತಲ್ಲ.

ಮನೆಗೆ ಬಂದು ಆ್ಯಪ್ ತೆಗೆದೆ. ಎರಡು ಸ್ಟಾರ್. 'ಸ್ಲೋ'. ಮಾರನೇ ದಿನ ಆಫೀಸಿನ ಕನ್ನಡದ ಗೆಳೆಯ ಫೋನ್ ಮಾಡಿ ಹೇಗಿತ್ತು ಸಿನಿಮಾ ಅಂದ. "ಅವಾರ್ಡ್ ಸಿನಿಮಾ ಗುರು, ತುಂಬಾ ಸ್ಲೋ, ಹೋಗಬೇಡ" ಅಂದೆ. ಅವನು ಹೋಗಲಿಲ್ಲ. ಅವನ ಮನೆಯವರೂ ಹೋಗಲಿಲ್ಲ. ಆ ವಾರ ಶೋ ತೆಗೆದರು. ನನ್ನಿಂದಲೇ ಅಂತ ಅಲ್ಲ, ಆದರೆ ಎಂಟು ಟಿಕೆಟಿನ ಲೆಕ್ಕದಲ್ಲಿ ನಾಲ್ಕು ಟಿಕೆಟ್ ದೊಡ್ಡದೇ.

ಆ ಸೆಪ್ಟೆಂಬರ್‌ನಲ್ಲಿ ಅಪ್ಪ ಜಮೀನು ಮಾರಿದರು. 2016ರ ಸೆಪ್ಟೆಂಬರ್ ಅಂದ್ರೆ ಮಂಡ್ಯದವರಿಗೆ ಹೇಳಬೇಕಾಗಿಲ್ಲ. ಮಳೆ ಇಲ್ಲ, ಕಟ್ಟೆಯಲ್ಲಿ ನೀರಿಲ್ಲ, ಇದ್ದ ನೀರನ್ನ ತಮಿಳುನಾಡಿಗೆ ಬಿಡಿ ಅಂತ ಸುಪ್ರೀಂ ಕೋರ್ಟ್ ಆದೇಶ, ಹೆದ್ದಾರಿಯಲ್ಲಿ ಟೈರು ಸುಡ್ತಿದ್ದರು. ನಾಲೆ ಒಣಗಿದ ವರ್ಷ ನಾಲೆ ಬಯಲಿನ ಜಮೀನು ಮಾರಿದರೆ ಏನು ಬೆಲೆ ಬರುತ್ತೆ? ಒಂದು ವರ್ಷ ತಡೀಬಹುದಿತ್ತು. ನನ್ನ ಕಂತಿಗೆ ತಾರೀಕು ಇತ್ತು. ಅಪ್ಪ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಒಬ್ಬರೇ ಹೋಗಿ ಬಂದು, ದುಡ್ಡು ಬ್ಯಾಂಕಿಗೆ ಹಾಕಿ, ನನಗೆ ಫೋನ್ ಮಾಡಿ "ಬಂತೇನೋ ನೋಡ್ಕೊ" ಅಂದ್ರು.

ಫ್ಲ್ಯಾಟ್ ಮೂರು ವರ್ಷಕ್ಕೆ ಬರಲಿಲ್ಲ. ಕಟ್ಟಡ ಹನ್ನೊಂದನೇ ಮಹಡಿಗೆ ನಿಂತುಹೋಯ್ತು, ನನ್ನದು ಹದಿನಾಲ್ಕನೇದು. ಅಂದ್ರೆ ನಾನು ಕಂತು ಕಟ್ಟುತ್ತಿದ್ದದ್ದು ಗಾಳಿಗೆ. ಒಂದು ಕಡೆ ಬಾಡಿಗೆ, ಇನ್ನೊಂದು ಕಡೆ ಇಎಂಐ. ಇಲ್ಲಿ ಕೂತವರಲ್ಲಿ ಅರ್ಧ ಜನಕ್ಕೆ ಈ ಕಥೆ ಗೊತ್ತು, ತಲೆ ಅಲ್ಲಾಡಿಸ್ತಿದ್ದೀರಿ. 2022ರ ಆಗಸ್ಟ್ 28, ಭಾನುವಾರ ಮಧ್ಯಾಹ್ನ ಎರಡೂವರೆಗೆ ಸೆಕ್ಟರ್ 93ಎಯ ಜೋಡಿ ಗೋಪುರ ಬೀಳಿಸಿದರಲ್ಲ, ನಾವೂ ಒಂದು ತಾರಸಿ ಮೇಲೆ ನಿಂತು ನೋಡಿದ್ವಿ. ನೋಯ್ಡಾದಲ್ಲಿ ನಾನು ಕಂಡ ಅತಿ ದೊಡ್ಡ ಹೌಸ್‌ಫುಲ್ ಶೋ ಅದು. ಒಂಬತ್ತು ಸೆಕೆಂಡ್. ಎಲ್ಲರೂ ಚಪ್ಪಾಳೆ ಹೊಡೆದರು. ಹೊಡೀತಾ ಇದ್ದವರು ಬಹಳ ಜನ ಇನ್ನೂ ತಮ್ಮ ಫ್ಲ್ಯಾಟಿಗೆ ಕಾಯ್ತಿದ್ದವರು. ಅವರ ಕಟ್ಟಡ ಏಳೋದನ್ನ ನೋಡೋಕೆ ಸಿಗದೆ, ಬೀಳೋದನ್ನ ನೋಡೋಕೆ ಬಂದಿದ್ದರು.

ನನಗೆ ಕೀ ಸಿಕ್ಕಿದ್ದು 2023ರಲ್ಲಿ. ಏಳು ವರ್ಷ. ಅಪ್ಪ ಈ ಏಳು ವರ್ಷದಲ್ಲಿ ಜಮೀನಿನ ಮಾತು ಒಂದು ಸಲವೂ ಎತ್ತಲಿಲ್ಲ. ಎತ್ತಿದ್ದರೆ ಜಗಳ ಆಡಬಹುದಿತ್ತು.

ತಿಥಿಯನ್ನ ಮತ್ತೆ ನೋಡಿದ್ದು 2020ರ ಲಾಕ್‌ಡೌನ್‌ನಲ್ಲಿ, ರಾತ್ರಿ, ಲ್ಯಾಪ್‌ಟಾಪ್‌ನಲ್ಲಿ, ಒಬ್ಬನೇ. ಎರಡು ವಿಷಯಕ್ಕೆ ಆಶ್ಚರ್ಯ ಆಯ್ತು. ಒಂದು, ಅದು ಸ್ಲೋ ಅಲ್ಲವೇ ಅಲ್ಲ. ಪ್ರತಿ ಐದು ನಿಮಿಷಕ್ಕೆ ಏ‍ನೋ ಒಂದು ಎಡವಟ್ಟು ಆಗ್ತಾನೇ ಇರುತ್ತೆ. ಇನ್ನೊಂದು, ತಮ್ಮಣ್ಣ ಖಳನಾಯಕ ಅಂತ ನನ್ನ ತಲೆಯಲ್ಲಿ ಉಳಿದಿತ್ತು. ಅಲ್ಲ. ಅವನು ಸಾಲ ಮಾಡ್ತಾನೆ, ಆಫೀಸಿಂದ ಆಫೀಸಿಗೆ ಅಲೀತಾನೆ, ಊರಿಗೆಲ್ಲ ತಿಥಿ ಊಟ ಹಾಕಬೇಕು, ಮಗ ಯಾವುದೋ ಹುಡುಗಿ ಹಿಂದೆ ಸುತ್ತುತ್ತಾನೆ, ಅಪ್ಪ ಕೈಗೆ ಸಿಗಲ್ಲ. ಆ ಸಿನಿಮಾದಲ್ಲಿ ಬೆವರು ಸುರಿಸೋದು ಅವನೊಬ್ಬನೇ. ಪಾಪದ ಮನುಷ್ಯ. ಅಪ್ಪನ್ನ ಪೇಪರಿನ ಮೇಲೆ ಸಾಯಿಸಿದ್ದೂ ಸಂಸಾರ ನಡೆಸೋಕೇ. ಮೊದಲ ಸಲ ನೋಡಿದಾಗ ಅವನನ್ನ ಕಂಡರೆ ಯಾಕೆ ಅಷ್ಟು ಸಿಟ್ಟು ಬಂತು ಅಂತ ಆವತ್ತು ರಾತ್ರಿ ಗೊತ್ತಾಯ್ತು.

ಇಂಥದ್ದು ಇನ್ನೊಂದಿದೆ. ಗೋಧಿ ಬಣ್ಣ ಸಾಧಾರಣ ಮೈಕಟ್ಟು. ಅದೂ 2016ರದ್ದೇ. ಮರೆವಿನ ಕಾಯಿಲೆಯ ಅಪ್ಪ ಅನಂತ್ ನಾಗ್, ಬಿಡುವಿಲ್ಲದ ಮಗ ರಕ್ಷಿತ್ ಶೆಟ್ಟಿ, ಮಗನ ಉದಾಸೀನದಿಂದ ಅಪ್ಪ ಕಳೆದುಹೋಗ್ತಾರೆ. ಅದನ್ನ ನಾನು ಅರ್ಧ ನೋಡಿದ್ದೀನಿ. ಇನ್ನರ್ಧ ನೋಡಿಲ್ಲ. ಸ್ಟಾರೂ ಕೊಟ್ಟಿಲ್ಲ. ಚೆನ್ನಾಗಿದೆ ಅಂತ ಎಲ್ಲರೂ ಹೇಳ್ತಾರೆ, ಇರಬೇಕು.

ಹಾಗಾಗಿ ನನ್ನ ಎಕ್ಸೆಲ್ ಶೀಟಿನಲ್ಲಿ ಈಗ ಒಂದು ಕಾಲಂ ಹೆಚ್ಚಾಗಿದೆ. 'ಹಿಡಿಸಲಿಲ್ಲ' ಅನ್ನೋದರಲ್ಲಿ ಎರಡು ಥರ. ಕಬ್ಜ, ಅನಿಮಲ್ ಥರದವು ಒಂದು ಕಡೆ. ಅವಕ್ಕೆ ನನ್ನ ಬಗ್ಗೆ ಏನೂ ಗೊತ್ತಿಲ್ಲ, ಬೈದು ಮನೆಗೆ ಬಂದು ಮಲಗಬಹುದು. ಇನ್ನೊಂದು ಕಡೆ ಇರೋವು ಎರಡೇ. ಅವಕ್ಕೆ ನನ್ನ ಮನೆ ವಿಷಯ ಗೊತ್ತಿತ್ತು.

2025ರ ಜುಲೈಯಲ್ಲಿ ಸು ಫ್ರಮ್ ಸೋ ಬಂತಲ್ಲ, ಜೆ.ಪಿ. ತುಮಿನಾಡ್ ಅವರದ್ದು. ಅಪ್ಪ ಆಗ ಇಲ್ಲೇ ಇದ್ದರು, ಅವರಿಗಾಗ ಎಪ್ಪತ್ತೊಂದು ವರ್ಷ. ನಮ್ಮ ಗುಂಪಿನಲ್ಲಿ ನಲವತ್ತು ಜನ ಆಗಿದ್ದರು, ಶೋ ರದ್ದಾಗೋ ಭಯ ಇರಲಿಲ್ಲ. ನಾಲ್ಕು ಜನ ಸಾಲಾಗಿ ಕೂತ್ವಿ: ಹೆಂಡತಿ, ನಾನು, ಅಪ್ಪ, ಮಗಳು. ಕರಾವಳಿಯ ಮಾತು. ಮೊದಲು ಹೆಂಡತಿ ನಗ್ತಾಳೆ. ಅರ್ಧ ಸೆಕೆಂಡ್ ಬಿಟ್ಟು ನಾನು. ಅಪ್ಪ ಮಾತು ಪೂರ್ತಿ ತಿಳಿಯದಿದ್ದರೂ ಜನರ ಮುಖ ನೋಡಿ ನಗ್ತಾರೆ. ಮಗಳು ಇಂಗ್ಲಿಷ್ ಸಬ್‌ಟೈಟಲ್ ಓದಿ ಮುಗಿಸಿ, ಎಲ್ಲರೂ ಸುಮ್ಮನಾದ ಮೇಲೆ, ಒಬ್ಬಳೇ ಜೋರಾಗಿ ನಗ್ತಾಳೆ. ಅಷ್ಟು ಹೊತ್ತಿಗೆ ಮುಂದಿನ ಜೋಕ್ ಹೋಗಿರುತ್ತೆ. ಇಂಟರ್ವಲ್ ಆದಮೇಲೆ ಅಪ್ಪ ಅವಳ ಕಿವಿಯಲ್ಲಿ ಏನೇನೋ ಹೇಳೋಕೆ ಶುರು ಮಾಡಿದರು. ಏನು ಹೇಳ್ತಿದ್ದರೋ, ಅವರಿಗೇ ಅರ್ಧ ತಿಳಿದಿರಲಿಲ್ಲ. ಬಹುಪಾಲು ಸ್ವಂತ ಕಥೆ ಕಟ್ಟಿ ಹೇಳಿರಬೇಕು. ಇಬ್ಬರೂ ಸಿನಿಮಾಕ್ಕೆ ಸಂಬಂಧ ಇಲ್ಲದ ಕಡೆಯೆಲ್ಲ ನಗ್ತಿದ್ದರು. ಐದು ಸ್ಟಾರ್ ಕೊಟ್ಟಿದ್ದೀನಿ. ಸಿನಿಮಾಕ್ಕೋ ಅವರಿಬ್ಬರಿಗೋ ಕೇಳಬೇಡಿ.

ನಿನ್ನೆ ರಾತ್ರಿ ಅಪ್ಪಂಗೆ ಫೋನ್ ಮಾಡಿದ್ದೆ. ನಾಳೆ ಸಿನಿಮಾ ಬಗ್ಗೆ ಮಾತಾಡ್ತೀನಿ ಅಂದೆ. "ಬಂಗಾರದ ಮನುಷ್ಯ ಹೇಳ್ತೀಯಾ ತಾನೇ?" ಅಂದ್ರು. ಹೇಳ್ತೀನಿ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಆ ಗಡ್ಡಪ್ಪನ ಪಿಚ್ಚರು?"

"ಅದನ್ನೂ ಹೇಳ್ತೀನಿ ಅಪ್ಪ."

"ಸ್ಲೋ ಅಂತ ಹೇಳ್ಬ್ಯಾಡ ಕಣ್ಲಾ. ಆವತ್ತು ಫೋನಲ್ಲಿ ಯಾರಿಗೋ ಹಂಗೇ ಹೇಳ್ತಿದ್ದೆ, ಕೇಳಿಸ್ಕಂಡಿದ್ದೆ."